ಸುರಗಿ, 1958

ನೌಫಲ್ ಕಪಾಟಿನ ಎರಡನೆಯ ಬಾಗಿಲನ್ನೂ ತೆರೆದ. ಎಂಬತ್ತಮೂರು ಕುಪ್ಪಿಗಳು. ಪ್ರತಿಯೊಂದಕ್ಕೂ ಹೆಸರು, ಊರು, ಇಸವಿ ಬರೆದ ಚೀಟಿ.

"ಯಾವುದು ಉಮ್ಮಾ? ಬಾಪನನ್ನು ಮೀಯಿಸಿ ಆಯ್ತು. ಕಫನ್ ಬಟ್ಟೆಗೆ ಹಚ್ಚಲಿಕ್ಕೆ ಮಸೀದಿಯ ಮುಕ್ರಿ ಅತ್ತರು ಕೇಳ್ತಾರೆ. ಸ್ಪಿರಿಟ್ ಇರುವುದು ಬೇಡವಂತೆ. ಬಾಪನಿಗೆ ಯಾವುದು ಇಷ್ಟ ಇತ್ತು?"

ಸೈನಬ ಮಗನ ಭುಜದಾಚೆ ನೋಡಿದಳು. ಒಳಕೋಣೆಯಲ್ಲಿ ಅವಳ ಗಂಡ ಹಸೈನಾರ್ ಬಿಳಿ ಬಟ್ಟೆಯ ಮೇಲೆ ಮಲಗಿದ್ದರು. ಬಂಟ್ವಾಳ ಪೇಟೆಯಲ್ಲಿ ನಲವತ್ತು ವರ್ಷ ಅತ್ತರು ಮಾರಿದವರು. ತಯಾರಿ ನಿಂತುಹೋದ ಪ್ರತಿ ಅತ್ತರಿನದೂ ಒಂದು ಕುಪ್ಪಿಯನ್ನು ಮಾರದೆ ಈ ಕಪಾಟಿನಲ್ಲಿ ಉಳಿಸಿದವರು.

"ಯಾರಿಗೆ ಗೊತ್ತು?" ಎಂದರು ಹಸೈನಾರರ ಅಕ್ಕ ನಬೀಸಾ. "ಊರಿಗೆಲ್ಲ ಪರಿಮಳ ಮಾರಿದ, ತಾನು ಒಂದು ದಿನ ಹಚ್ಚಲಿಲ್ಲ. ಮದುವೆಗೂ ತೆಂಗಿನೆಣ್ಣೆ ವಾಸನೆಯಲ್ಲೇ ಹೋದವ ಅವ."

*

ಹಚ್ಚಿಕೊಂಡರೆ ಮೂಗು ಕೆಡುತ್ತದೆ ಎನ್ನುತ್ತಿದ್ದರು ಹಸೈನಾರ್. ಪ್ರತಿ ಶುಕ್ರವಾರ ಬೆಳಿಗ್ಗೆ ಒಂದು ಕುಪ್ಪಿ ತೆರೆದು, ಒತ್ತುಕಾಗದದ ತುಂಡಿಗೆ ಸೋಕಿಸಿ, ಮೂಸಿ, ಪುಸ್ತಕದಲ್ಲಿ ಬರೆಯುತ್ತಿದ್ದರು. ಬರೆದು ಮುಗಿಯುವ ತನಕ ಮನೆಯಲ್ಲಿ ಒಗ್ಗರಣೆಯಿಲ್ಲ, ಸಾಬೂನಿಲ್ಲ. ಒಂದೇ ಕುಪ್ಪಿಯ ಸರದಿ ಮತ್ತೆ ಬರಲು ಒಂದೂವರೆ ವರ್ಷ ಬೇಕಾಗುತ್ತಿತ್ತು.

ಸುರಗಿಯ ಸರದಿ ಯಾವಾಗೆಂದು ಸೈನಬಳಿಗೆ ತಿಳಿದಿರುತ್ತಿತ್ತು. 1992ರಲ್ಲಿ ಒಮ್ಮೆ ಬಾಗಿಲಲ್ಲಿ ನಿಂತು ಕೇಳಿದಳು: "ನನಗೆ ಒಂದು ತೊಟ್ಟು ಕೊಡಿ."

"ಹಚ್ಚಿದರೆ ಸಂಜೆಗೆ ಹೋಗ್ತದೆ. ಇಲ್ಲಿದ್ದರೆ ಉಂಟಲ್ಲ," ಎಂದು ಅವರು ತಲೆಯೆತ್ತದೆ ಬರೆದರು.

ಅವಳು ಮತ್ತೆ ಕೇಳಲಿಲ್ಲ.

*

ಸೈನಬ ಮೂರನೆಯ ಅಂತಸ್ತಿನ ಎಡಮೂಲೆಗೆ ಕೈಹಾಕಿದಳು.

ಜಗಲಿಯಲ್ಲಿ ಕುಳಿತಿದ್ದ ಧರ್ಣಪ್ಪ ಎದ್ದು ಬಾಗಿಲ ಬಳಿ ಬಂದರು. ಉಜಿರೆಯ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸಿದವರು. ಈ ಚೀಟಿಗಳನ್ನೆಲ್ಲ ಹಸೈನಾರರ ಜೊತೆ ಕುಳಿತು ಬರೆದವರು.

"ಸೈನಬಕ್ಕ, ಅದು ಬೇಡ. ಅವರ ತಂದೆ ಐವತ್ತೆಂಟರಲ್ಲಿ ಪುತ್ತಿಗೆಯ ಸುರಗಿ ಹೂವಿನಿಂದ ಇಳಿಸಿದ್ದು. ಬೇರೆಲ್ಲೂ ಇಲ್ಲ. ಗುಲಾಬಿಯದ್ದು ಎರಡುಂಟು, ಅದರಲ್ಲಿ ಒಂದು ಕೊಡುವ."

"ಸ್ಪಿರಿಟ್ ಉಂಟಾ ಇದರಲ್ಲಿ, ಮಾಷ್ಟ್ರೇ?"

"ಇಲ್ಲ. ಗಂಧದೆಣ್ಣೆಯಲ್ಲಿ ಇಳಿಸಿದ್ದು. ಆದರೆ..."

ಬಿರಡೆ ಅಂಟಿಕೊಂಡಿತ್ತು. ಸೈನಬ ಉಗುರು ಹಾಕಿ ಎಬ್ಬಿಸಿದಳು. ಎಣ್ಣೆ ಬೆರಳ ಮೇಲೆ ಇಳಿಯಿತು. ಕುಪ್ಪಿಯನ್ನು ಮಗನ ಕೈಗಿತ್ತಳು.

"ಎಷ್ಟು ಹಚ್ಚಬೇಕು ಉಮ್ಮಾ?"

"ಇದ್ದಷ್ಟೂ."

ಧರ್ಣಪ್ಪ ಕನ್ನಡಕ ತೆಗೆದು ಒರೆಸಿಕೊಂಡರು.

ಮಧ್ಯಾಹ್ನದ ಲುಹರ್ ನಮಾಝಿಗೆ ಮೊದಲು ಗಂಡಸರು ಮಯ್ಯಿತ್ ಮಂಚವನ್ನು ಹೊತ್ತು ಹೊರಟರು. ಸುರಗಿಯ ಪರಿಮಳ ಅಂಗಳ ದಾಟಿ ಅವರೊಂದಿಗೆ ಹೋಯಿತು. ಸೈನಬ ಅಳಲಿಲ್ಲ. ನಬೀಸಾ ಅವಳ ಕೈ ಹಿಡಿದವರು ತಟ್ಟನೆ ಮೂಸಿ ನೋಡಿದರು.

"ಅಲ್ಲಾ! ಗಂಡ ತೀರಿದ್ದಕ್ಕೆ ನಿನಗಿನ್ನು ಇದ್ದತ್, ನಾಲ್ಕು ತಿಂಗಳು ಹತ್ತು ದಿನ. ಪರಿಮಳ ಆಗ್ಲಿಕ್ಕಿಲ್ಲ. ಬಾ, ತೊಳೆಯುವ."

ಬಾವಿಕಟ್ಟೆಯಲ್ಲಿ ನಬೀಸಾ ಸಾಬೂನು ಹಚ್ಚಿ ತಿಕ್ಕಿದರು, ನೀರು ಹೊಯ್ದರು, ಮೂಸಿದರು.

"ಹೋಗಲಿಲ್ಲ."

ಮತ್ತೆ ತಿಕ್ಕಿದರು. ನೊರೆ ಕಲ್ಲಿನ ಸಂದಿಯಲ್ಲಿ ಹರಿದುಹೋಯಿತು.

"ಇನ್ನೂ ಉಂಟು ಮಾರಾಯ್ತಿ."

ಸೈನಬ ಎರಡೂ ಕೈಗಳನ್ನು ಮೂರನೆಯ ಸಲ ಚಾಚಿ, ಮುಖವನ್ನು ಆಚೆ ತಿರುಗಿಸಿಕೊಂಡು ನಿಂತಳು.