ಶ್ರುತಿ ಮಾಡುವವಳ ಮೊದಲ ಕಛೇರಿ

ಆ ಗಿಟಾರು ಮೂರು ತಿಂಗಳಲ್ಲಿ ಮೂರನೇ ಸಲ ಅಂಗಡಿಗೆ ಬಂದಿತ್ತು. ರಿಪೇರಿಯಾಕೆ ಅದನ್ನು ಮೇಜಿನ ಮೇಲೆ ಮಲಗಿಸಿ, ದೀಪವನ್ನು ಹತ್ತಿರಕ್ಕೆಳೆದು ನೋಡಿದಳು. ತಂತಿಗಳನ್ನು ಹೊತ್ತ ಕುದುರೆಯ ಪಕ್ಕದಲ್ಲಿ ಮರ ಸಣ್ಣಸಣ್ಣಗೆ ಗೀಚಿಹೋಗಿತ್ತು. ತಂತಿಗಳ ನಡುವೆ ಏನನ್ನೋ ತುರುಕಿ ಎಳೆದ ಗುರುತು. ಬೋರಲು ಹಾಕಿ ಅಲ್ಲಾಡಿಸಿದರೆ ಹೊಟ್ಟೆಯಿಂದ ಎರಡು ಗುಂಡುಪಿನ್ನು, ಒಂದು ಅಂಗಿಗುಂಡಿ ಉದುರಿದವು. ಇಪ್ಪತ್ತೆರಡು ವರ್ಷದ ಕಸುಬಿನಲ್ಲಿ ಇಂಥ ಕಾಯಿಲೆ ಅವಳು ಕಂಡಿರಲಿಲ್ಲ.

ಗಿಟಾರಿನ ಒಡೆಯರು ಎದುರು ಬೀದಿಯ ಹಲ್ಲಿನ ಡಾಕ್ಟರು. ಮೆತ್ತಗೆ ಮಾತಾಡುವ, ಅಂಗಿಯ ಇಸ್ತ್ರಿ ಕೆಡದ ಮನುಷ್ಯ.

“ಡಾಕ್ಟ್ರೇ, ತಪ್ಪು ತಿಳ್ಕೋಬೇಡಿ. ನೀವು ಇದನ್ನ ನುಡಿಸ್ತೀರೋ, ಕೀಳ್ತೀರೋ?”

ಡಾಕ್ಟರು ನಾಚಿಕೊಂಡು ನಕ್ಕರು. “ನುಡಿಸೋದೇ. ಆದ್ರೆ ಹಾಡು, ತಾಳ ಅಂತ ಇರಲ್ಲ. ಏನು ನುಡಿಸ್ತೀನಿ ಅಂತ ನನಗೂ ಮೊದಲೇ ಗೊತ್ತಿರಲ್ಲ. ಭಾನುವಾರ ಮಧ್ಯಾಹ್ನ ಸೈಕಲ್ ಅಂಗಡಿ ಮಹಡಿ ಮೇಲೆ ಸೇರ್ತೀವಿ. ಬನ್ನಿ, ನೀವೇ ನೋಡಿ.”

ಮನೆಯಲ್ಲಿ ಹೇಳಿದಾಗ ಅತ್ತೆ ಬಟಾಣಿ ಸುಲಿಯುವುದನ್ನು ನಿಲ್ಲಿಸಿದರು. “ಏನು ಮಾಡ್ತೀನಿ ಅಂತ ಗೊತ್ತಿಲ್ದೇ ಮಾಡ್ತಾರಾ? ಮುಂದಿನ ವಾರ ನನ್ನ ದವಡೆಹಲ್ಲು ಕೀಳೋರು ಅವರೇ ಕಣೇ! ನಾನೂ ಬರ್ತೀನಿ ತಡಿ.”

ಮಹಡಿಯ ಕೋಣೆಯಲ್ಲಿ ರಬ್ಬರಿನ ವಾಸನೆ. ಹನ್ನೊಂದು ಕುರ್ಚಿ, ಅದರಲ್ಲಿ ಎರಡು ಖಾಲಿ. ಅತ್ತೆ ಸೊಸೆ ಅವನ್ನು ತುಂಬಿದರು. ಡಾಕ್ಟರು ಗಿಟಾರನ್ನು ತೊಡೆಯ ಮೇಲೆ ಅಂಗಾತ ಮಲಗಿಸಿಕೊಂಡು, ತಂತಿಗಳ ನಡುವೆ ಚಮಚದ ಹಿಡಿ ತೂರಿಸಿ, ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜತೊಡಗಿದರು. ತಗಡಿನ ಮೇಲೆ ಕಾಳು ಸುರಿದಂಥ ಸದ್ದು, ಆಮೇಲೆ ಸೊಳ್ಳೆಯ ಗುಂಯ್, ಆಮೇಲೆ ಯಾರೋ ಮೂಗಿನಲ್ಲಿ ಕೊರಗಿದಂತೆ. ರಿಪೇರಿಯಾಕೆಗೆ ಮೊದಲು ಎದ್ದುಹೋಗಿ ಆ ತಂತಿ ಸರಿಮಾಡಿಬಿಡೋಣ ಎನ್ನಿಸಿತು. ಸ್ವಲ್ಪ ಹೊತ್ತಿಗೆ ಕಣ್ಣು ಮುಚ್ಚಿದಳು. ಯಾವ ಸದ್ದು ಎಲ್ಲಿಂದ ಹುಟ್ಟಿತೆಂದು ಊಹಿಸತೊಡಗಿದಳು. ಎರಡಕ್ಕೆ ಒಂದು ತಪ್ಪುತ್ತಿತ್ತು. ಗಿಟಾರಿನ ಮೂಳೆ ಮೂಳೆ ಬಲ್ಲವಳಿಗೇ ತಪ್ಪುತ್ತಿತ್ತು!

ವಿರಾಮದಲ್ಲಿ ಡಾಕ್ಟರು ಅವಳ ಬಳಿ ಬಂದರು. ಜೊತೆಗೆ ನುಡಿಸಬೇಕಿದ್ದ ನರ್ಸಮ್ಮನಿಗೆ ಆಸ್ಪತ್ರೆಯಿಂದ ಬಿಡುವಾಗಿರಲಿಲ್ಲ. ಅವರ ಗಿಟಾರು ಮಾತ್ರ ಮೂಲೆಯಲ್ಲಿತ್ತು.

“ನೀವು ಕೂತ್ಕೋತೀರಾ?”

“ಅಯ್ಯೋ, ನನಗೆ ನುಡಿಸೋಕೆ ಬರಲ್ಲ. ಶ್ರುತಿ ಮಾಡೋಕಷ್ಟೇ ಗೊತ್ತು.”

“ಅದನ್ನೇ ಮಾಡಿ.”

ಅತ್ತೆ ಮೊಣಕೈಯಲ್ಲಿ ತಿವಿದರು. “ಹೋಗೇ. ಆಗಿನಿಂದ ಬೆರಳು ಕುಣಿಸ್ತಾ ಕೂತಿದ್ದೆ, ನಾನು ನೋಡ್ಲಿಲ್ವಾ?”

ಅವಳು ಕೂತಳು. ನರ್ಸಮ್ಮನ ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡಳು. ಎಲ್ಲಕ್ಕಿಂತ ದಪ್ಪ ತಂತಿಯನ್ನು ಮೀಟಿ, ಬಿರಡೆಯನ್ನು ಮೆಲ್ಲಗೆ ಸಡಿಲಿಸಿದಳು. ಸ್ವರ ಜಾರುತ್ತ ಜಾರುತ್ತ ಗೊಣಗಾಟವಾಯಿತು. ಡಾಕ್ಟರು ಕಿವಿಗೊಟ್ಟು, ಮರದ ಮೇಲೆ ಎರಡು ಸಲ ತಟ್ಟಿದರು. ಅದು ಪ್ರಶ್ನೆಯ ಹಾಗಿತ್ತು. ಅವಳು ಸಣ್ಣ ತಂತಿಯನ್ನು ಬಿಗಿದು ಉತ್ತರ ಕೊಟ್ಟಳು. ಅವರು ಬ್ರಷ್ಷಿನಿಂದ ಗಿರಗಿರ ಎಂದರು. ಇವಳು ಇನ್ನಷ್ಟು ಬಿಗಿದಳು. ಎಲ್ಲಿ ನಿಲ್ಲಿಸಬೇಕೆಂದು ಅವಳ ಬೆರಳಿಗೆ ಗೊತ್ತಿತ್ತು. ಅಲ್ಲಿ ನಿಲ್ಲಿಸಲಿಲ್ಲ. ಮುಂದೇನಿದೆಯೋ ನೋಡಬೇಕಿತ್ತು.

ಟಣ್! ತಂತಿ ಹರಿಯಿತು.

ಡಾಕ್ಟರು ಸಹಾಯಕ್ಕೆ ಬರಲಿಲ್ಲ, ಕಾದರು. ಅವಳು ಹರಿದ ತಂತಿಯ ತುದಿಯನ್ನು ಹಿಡಿದು ಮರದ ಮೇಲೆ ನಿಧಾನಕ್ಕೆ ಎಳೆದಳು. ಇಲಿ ಗೋಡೆಯೊಳಗೆ ಓಡಾಡಿದಂತೆ ಒಂದು ಪಿಸುಸದ್ದು ಬಂತು. ಡಾಕ್ಟರು ಅಷ್ಟೇ ಮೆತ್ತಗೆ ಜೊತೆ ಸೇರಿದರು. ಎಷ್ಟು ಹೊತ್ತು ನಡೆಯಿತೋ, ಇಬ್ಬರೂ ಒಂದೇ ಗಳಿಗೆಯಲ್ಲಿ ಕೈ ಎತ್ತಿದರು. ಜನ ಚಪ್ಪಾಳೆ ತಟ್ಟಿದರು.

ಮೆಟ್ಟಿಲಿಳಿಯುವಾಗ ಅತ್ತೆ ಕೇಳಿದರು: “ಇಬ್ರೂ ಒಟ್ಟಿಗೇ ನಿಲ್ಲಿಸಿದ್ರಲ್ಲ, ಕಣ್ಸನ್ನೆ ಮಾಡ್ಕೊಂಡ್ರಾ?”

“ಇಲ್ಲ ಅತ್ತೆ. ನಾನು ಕೆಳಗೆ ನೋಡ್ತಾ ಇದ್ದೆ.”

“ಮತ್ತೆ ಮುಗೀತು ಅಂತ ಹೇಗೆ ಗೊತ್ತಾಯ್ತು?”

ಸೊಸೆ ಮೆಟ್ಟಿಲ ಮೇಲೆಯೇ ನಿಂತು ಯೋಚಿಸಿದಳು. “ಅದೇ ನನಗೂ ತಿಳೀತಿಲ್ಲ. ಮುಂದಿನ ಭಾನುವಾರ ಗಮನ ಇಟ್ಟು ನೋಡ್ತೀನಿ.”

“ಹಾಗಾದ್ರೆ ಅವತ್ತು ಬೇಗ ಹೊರಡೋಣ,” ಎಂದರು ಅತ್ತೆ. “ಮುಂದಿನ ಸಾಲಲ್ಲಿ ಕೂತ್ರೆ ನನಗೂ ಕಾಣುತ್ತೆ.”