ಚರಂಡಿಯಿಂದ ಬಂದ ಇಸ್ತ್ರಿ ಅಕ್ಕನ ಲೋಟ

ಮಳೆ ಬಂದರೆ ನಮ್ಮ ಬೀದಿಯ ಚರಂಡಿ ಕಟ್ಟಿಕೊಳ್ಳುತ್ತದೆ. ನಿಮ್ಮ ಬೀದಿಯದೂ ಕಟ್ಟಿಕೊಳ್ಳುತ್ತಿರಬಹುದು. ಆಗೆಲ್ಲ ಹೊಸ್ತಿಲಲ್ಲಿ ನಿಂತು "ಯಾರ ಮನೆ ಕಸವೋ" ಎಂದು ಬೈಯುವುದು ರೂಢಿ. ನಾನೂ ಬೈದವಳೇ. ಆದರೆ ಈ ಸಲ ಆ ಕಸ ಯಾರದ್ದೆಂದು ಬೀದಿಗೆಲ್ಲ ಗೊತ್ತಾಯಿತು. ಅದರ ಮೇಲೆ ನನ್ನ ಅಕ್ಷರವಿತ್ತು.

ನಾನು ಬಟ್ಟೆ ಹೊಲಿಯುವವಳು. ಯಾರ ಬಟ್ಟೆ ಯಾರದ್ದೆಂದು ಚೀಟಿ ಬರೆದು ಚುಚ್ಚಿ ಚುಚ್ಚಿ, ಕಂಡದ್ದಕ್ಕೆಲ್ಲ ಹೆಸರು ಬರೆಯುವ ಚಟ ಅಂಟಿಕೊಂಡಿದೆ. ಉಪ್ಪಿನ ಡಬ್ಬಿಯನ್ನೂ ಬಿಟ್ಟಿಲ್ಲ. ಅತ್ತೆಗೆ ಎಪ್ಪತ್ತು ತುಂಬಿದಾಗ ನಲವತ್ತು ಜನರಿಗೆ ಊಟ ಇಟ್ಟುಕೊಂಡೆವು. ಥರ್ಮಾಕೋಲ್ ತಟ್ಟೆ, ಪ್ಲಾಸ್ಟಿಕ್ ಲೋಟ ತಂದೆ. ಒಬ್ಬೊಬ್ಬರು ನಾಲ್ಕು ನಾಲ್ಕು ಲೋಟ ಹಾಳು ಮಾಡಬಾರದೆಂದು ಒಂದೊಂದರ ಮೇಲೂ ಮಾರ್ಕರ್‌ನಿಂದ ಬರೆದೆ: ಅತ್ತೆ, ದೊಡ್ಡಮಾವ, ಚಿಕ್ಕಮ್ಮ, ಇಸ್ತ್ರಿ ಅಕ್ಕ. ಇಸ್ತ್ರಿ ಅಕ್ಕ ಪಕ್ಕದ ಮನೆಯವಳು. ನಾನು ಹೊಲಿದದ್ದಕ್ಕೆಲ್ಲ ಇಸ್ತ್ರಿ ಹಾಕಿಕೊಡುವವಳು ಅವಳೇ.

ಊಟದ ಹಿಂದಿನ ದಿನ, ಕಸದ ಗಾಡಿ ತಳ್ಳಿಕೊಂಡು ಬರುವ ಗಾಡಿಯಮ್ಮ ಬಾಗಿಲಲ್ಲಿದ್ದ ತಟ್ಟೆಗಳ ಕಟ್ಟು ನೋಡಿದರು.

"ಇದ್ಯಾಕೆ ತಂದ್ರಿ ಅಕ್ಕಾ? ಮಣ್ಣಲ್ಲಿ ಕೊಳೆಯಲ್ಲ, ಸುಟ್ರೆ ವಿಷದ ಹೊಗೆ. ಎಲೆ ತಟ್ಟೆ ತರಬಹುದಿತ್ತಲ್ಲ."

"ಅದು ಸೋರಲ್ವೇನೇ?" ಎಂದರು ಅತ್ತೆ ಒಳಗಿಂದ.

"ಒತ್ತಿ ಮಾಡಿರೋದು ಬರುತ್ತೆ ಅಮ್ಮಾ, ಸೋರಲ್ಲ."

ನನಗೆ ರೇಗಿತು. "ಕಸ ಎತ್ತೋದು ತಾನೇ ನಿನ್ನ ಕೆಲಸ? ಎತ್ತು. ಪಾಠ ಬೇಡ," ಎಂದೆ. ಅವರು ಗಾಡಿ ತಳ್ಳಿಕೊಂಡು ಹೋದರು. ಆ ಮಾತು ನೆನೆದರೆ ಈಗಲೂ ನಾಚಿಕೆಯಿಂದ ಹಿಡಿಯಷ್ಟಾಗುತ್ತೇನೆ.

ಊಟ ಚೆನ್ನಾಗಿಯೇ ಆಯಿತು. ಎರಡು ಮೂಟೆ ಎಂಜಲು ತಟ್ಟೆ, ಲೋಟ ಉಳಿದವು. ಮರುದಿನ ಬೆಳಿಗ್ಗೆ ಗಾಡಿಯಮ್ಮನ ಸೀಟಿ ಕೇಳಿತು. ಅಷ್ಟು ಮಾತಾಡಿದ ಮೇಲೆ ಯಾವ ಮುಖ ಇಟ್ಟುಕೊಂಡು ಆ ಮೂಟೆ ಅವರ ಕೈಗೆ ಕೊಡಲಿ? ಅವರು ದಾಟಿ ಹೋಗುವವರೆಗೆ ಒಳಗೇ ಇದ್ದು, ಆಮೇಲೆ ಎರಡನ್ನೂ ಬೀದಿಯ ಮೋರಿಗೆ ಸೇರುವ ಹಿತ್ತಲ ಚರಂಡಿಗೆ ಸುರಿದುಬಿಟ್ಟೆ.

ಅತ್ತೆ ನೋಡಿದರು. "ನೀರು ಬಂದ್ರೆ ಕೊಚ್ಕೊಂಡು ಹೋಗುತ್ತೆ ಬಿಡು," ಎಂದರು.

ಮೂರು ವಾರದ ಮೇಲೆ ಒಂದು ಮಧ್ಯಾಹ್ನ ಜೋರು ಮಳೆ ಬಂತು. ಏನೂ ಕೊಚ್ಚಿಕೊಂಡು ಹೋಗಲಿಲ್ಲ. ಇಸ್ತ್ರಿ ಅಕ್ಕನ ಮನೆ ನಮ್ಮದಕ್ಕಿಂತ ತಗ್ಗಿನಲ್ಲಿದೆ. ಚರಂಡಿಯ ನೀರು ನೇರ ಅವಳ ನಡುಮನೆಗೆ ನುಗ್ಗಿತು. ಎರಡು ದಿನ ನಿಂತಲ್ಲೇ ನಿಂತು ಇಸ್ತ್ರಿ ಮಾಡಿ ಕಟ್ಟಿಟ್ಟಿದ್ದ ಗಂಟುಗಳೆಲ್ಲ ಕಪ್ಪು ನೀರಿನಲ್ಲಿ ನೆಂದವು. ನಾನು ಬಕೆಟ್ ಹಿಡಿದು ಓಡಿದೆ. ಬಾಯಿ ಮಾತ್ರ ಸುಮ್ಮನಿರಲಿಲ್ಲ: "ಯಾವ ಮನೆಹಾಳರು ಹಾಕಿದ್ರೋ! ಅವರ ಮನೆಗೇ ನುಗ್ಗಬೇಕಿತ್ತು!" ನಿಜ ಹೇಳುತ್ತೇನೆ, ಬೈಯುವಾಗ ನನ್ನ ಮೂಟೆ ನೆನಪಿತ್ತು. ಅದಕ್ಕೇ ಎಲ್ಲರಿಗಿಂತ ಜೋರಾಗಿ ಬೈದೆ.

ಮಳೆ ನಿಂತ ಮೇಲೆ ಗಾಡಿಯಮ್ಮ ಕೊಕ್ಕೆ ಹಿಡಿದು ಬಂದರು. ಬೀದಿಯವರೆಲ್ಲ ಸುತ್ತ ನಿಂತರು. ಮೋರಿಯಿಂದ ತಟ್ಟೆ ಬಂತು, ಮತ್ತೊಂದು ತಟ್ಟೆ ಬಂತು, ಆಮೇಲೆ ಲೋಟಗಳು. 'ದೊಡ್ಡಮಾವ.' 'ಚಿಕ್ಕಮ್ಮ.' ಮೂರು ವಾರ ಕೊಚ್ಚೆಯಲ್ಲಿದ್ದರೂ ಒಂದಕ್ಷರ ಮಾಸಿರಲಿಲ್ಲ.

ಗಾಡಿಯಮ್ಮ ನನ್ನ ಕಡೆ ಒಮ್ಮೆ ನೋಡಿದರು. ಬರಹ ಯಾರಿಗೂ ಕಾಣದಂತೆ ಕೈಯಲ್ಲಿ ಮುಚ್ಚಿ, ಲೋಟಗಳನ್ನು ಬೇಗಬೇಗ ಚೀಲಕ್ಕೆ ತುಂಬತೊಡಗಿದರು. ಅಷ್ಟೆಲ್ಲ ಅನ್ನಿಸಿಕೊಂಡವರು ನನ್ನ ಮಾನ ಉಳಿಸಲು ನೋಡುತ್ತಿದ್ದರು. ಅಷ್ಟರಲ್ಲಿ ಒಂದು ಲೋಟ ಉರುಳಿ ಇಸ್ತ್ರಿ ಅಕ್ಕನ ಕಾಲ ಬಳಿ ನಿಂತಿತು. ಅವಳು ಎತ್ತಿಕೊಂಡು ಓದಿದಳು.

"ನನ್ನ ಲೋಟ," ಎಂದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

"ನಾನೇ ಹಾಕಿದ್ದು ಅಕ್ಕಾ. ತಪ್ಪಾಯ್ತು," ಎಂದೆ. ಎಲ್ಲರಿಗೂ ಕೇಳಲೆಂದು ಮತ್ತೊಮ್ಮೆ ಹೇಳಿದೆ.

"ನಾನು ನೋಡಿಯೂ ಸುಮ್ನಿದ್ದೆ," ಎಂದರು ಅತ್ತೆ, ತಲೆ ತಗ್ಗಿಸಿ.

ನಾಲ್ಕು ದಿನ ನಾನೂ ಇಸ್ತ್ರಿ ಅಕ್ಕನೂ ಕೂತು ಆ ಬಟ್ಟೆಗಳನ್ನೆಲ್ಲ ಮತ್ತೆ ಒಗೆದೆವು. ಅವಳು ಮಾತಾಡಲಿಲ್ಲ. ನಾಲ್ಕನೇ ದಿನ, "ಸೋಪು ಈ ಕಡೆ ಕೊಡು," ಎಂದಳು. ನನಗೆ ಅಳುವೇ ಬಂತು.

ಮರುದಿನ ಗಾಡಿಗೆ ಅಡ್ಡ ನಿಂತೆ. "ಗಾಡಿಯಮ್ಮ, ಅವತ್ತು ಬೇಡ ಅಂದ ಪಾಠ ಈಗ ಹೇಳಿಕೊಡ್ತೀರಾ?"

ಅವರು ನಕ್ಕರು. "ಮಡ್ಡ ತಲೆಗೆ ಹತ್ತುತ್ತಾ ನೋಡೋಣ! ಮೊದಲು ತೊಳೆಯೋ ತಟ್ಟೆ. ನಾಲ್ಕು ಮನೆ ಕೇಳಿದ್ರೆ ನಲವತ್ತು ಸ್ಟೀಲ್ ತಟ್ಟೆ ಸಿಗುತ್ತೆ. ಸಾಲದಿದ್ರೆ ಮಾತ್ರ ಒಣ ಎಲೇದೋ, ಕಬ್ಬಿನ ಸಿಪ್ಪೇದೋ ತನ್ನಿ. ಕಾಗದದ್ದು ಅಂದ್ರೆ ಸುಮ್ನೆ ನಂಬಬೇಡಿ, ಅಂಚು ಹರಿದು ನೋಡಿ. ತೆಳ್ಳಗೆ ಪೊರೆ ಎದ್ರೆ ಅದು ಪ್ಲಾಸ್ಟಿಕ್ಕು. ಊಟ ಆದ್ಮೇಲೆ ಎಲೆ ತಟ್ಟೆ ಹರಿದು ಗೊಬ್ಬರದ ಗುಂಡಿಗೆ ಹಾಕಿ, ಇಲ್ಲಾಂದ್ರೆ ಹಸಿ ಕಸದ ಜೊತೆ ನಂಗೇ ಕೊಡಿ. ಎಲೇದು ತಾನೇ ಅಂತ ಚರಂಡಿಗೆ ಹಾಕಿದ್ರೆ ಅದೂ ಕಟ್ಟುತ್ತೆ, ಹೇಳಿರ್ತೀನಿ!"

ಹೋದ ತಿಂಗಳು ಮಗಳು ಪಾಸಾದಳೆಂದು ಊಟ ಇಟ್ಟೆವು. ಸ್ಟೀಲ್ ತಟ್ಟೆ ಮೂವತ್ತು ಸಿಕ್ಕವು, ಉಳಿದವರಿಗೆ ಎಲೆ ತಟ್ಟೆ. ಅತ್ತೆ ಒಂದರಲ್ಲಿ ಬಿಸಿನೀರು ಹೊಯ್ದು, ಬೆಳಕಿಗೆ ಹಿಡಿದು, "ಒಂದು ಹನಿಯೂ ಸೋರಲಿಲ್ಲ ಕಣೇ!" ಎಂದು ಬಂದವರಿಗೆಲ್ಲ ತೋರಿಸಿದ್ದೇ ತೋರಿಸಿದ್ದು. ಗಾಡಿಯಮ್ಮ ಮೊದಲ ಪಂಕ್ತಿಯಲ್ಲೇ ಕೂತರು. ಇಸ್ತ್ರಿ ಅಕ್ಕ ಬರುತ್ತಾಳೋ ಇಲ್ಲವೋ ಎಂದು ನಾನು ಬಾಗಿಲನ್ನೇ ನೋಡುತ್ತಿದ್ದೆ. ಬಂದಳು, ಕೈಯಲ್ಲಿ ತನ್ನದೇ ಸ್ಟೀಲ್ ಲೋಟ ಹಿಡಿದು.

"ಇದರ ಮೇಲೇನೂ ಬರೀಬೇಡ," ಎಂದಳು.

ಆ ಹಳೆಯ ಲೋಟ ಈಗ ನನ್ನ ಹೊಲಿಗೆ ಯಂತ್ರದ ಪಕ್ಕದಲ್ಲಿದೆ, ಅದರಲ್ಲಿ ಗುಂಡಿಗಳನ್ನು ಹಾಕಿಟ್ಟಿದ್ದೇನೆ. ಅಕ್ಷರ ಇನ್ನೂ ಮಾಸಿಲ್ಲ.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯ ಮುಂದಿನ ಊಟಕ್ಕೆ ಮೊದಲು ಸ್ಟೀಲ್ ತಟ್ಟೆ ಎಣಿಸಿ, ಸಾಲದಷ್ಟಕ್ಕೆ ಮಾತ್ರ ಎಲೆ ತಟ್ಟೆ ತನ್ನಿ. ನೀವು ನನ್ನ ಹಾಗೆ ಲೋಟಕ್ಕೆ ಹೆಸರು ಬರೆಯುವವರಲ್ಲದಿರಬಹುದು. ಹೆಸರಿಲ್ಲದಿದ್ದರೂ ಚರಂಡಿಯಲ್ಲಿರುವ ಲೋಟ ನಿಮ್ಮದೇ.