ಮೇಷ್ಟ್ರಿಗೆ ಬಿಸಿಲು

ಆಸ್ಪತ್ರೆಯ ಹಾಸಿಗೆಯಿಂದ ಮಹದೇವ್ ಕೇಳಿದ ಕೊನೆಯ ಮಾತು ಹೆಂಡತಿಯ ಬಗ್ಗೆಯೂ ಅಲ್ಲ, ತಾಯಿಯ ಬಗ್ಗೆಯೂ ಅಲ್ಲ. ಮೂಗಿನ ಮೇಲಿದ್ದ ಆಕ್ಸಿಜನ್ ಮಾಸ್ಕನ್ನು ಬೆರಳಲ್ಲಿ ಎತ್ತಿ ಹಿಡಿದು, "ಮೇಷ್ಟ್ರಿಗೆ ಬಿಸಿಲು ತೋರಿಸಿದ್ಯಾ?" ಅಂದ. ತೋರಿಸಿದೆ ಅಂದಳು ಹೆಂಡತಿ ರಂಜಿನಿ. ಅವನು ಸಮಾಧಾನದಿಂದ ಕಣ್ಣು ಮುಚ್ಚಿದ. ಮಾರನೆಯ ದಿನ ನ್ಯುಮೋನಿಯಾ ಅವನನ್ನು ಕರೆದುಕೊಂಡು ಹೋಯಿತು.

ಮೇಷ್ಟ್ರು ಅಂದರೆ ಅವರ ಮನೆಯ ಇಗ್ವಾನಾ, ಸೊಪ್ಪು ತಿಂದು ಬದುಕುವ ದೊಡ್ಡ ಜಾತಿಯ ವಿದೇಶಿ ಓತಿ. ಕೆಂಗೇರಿಯ ಗೆಳೆಯನೊಬ್ಬನಿಗೆ ವರ್ಗವಾದಾಗ, ಅಂಗೈಯಗಲದ ಆ ಹಸಿರು ಮರಿಯನ್ನು ಚಪ್ಪಲಿ ಡಬ್ಬಿಯಲ್ಲಿಟ್ಟು ಮಹದೇವನ ಕೈಗೆ ಕೊಟ್ಟು ಹೋಗಿದ್ದ. ಮರಿ ಬೆಳೆಯುತ್ತಾ ಬೆಳೆಯುತ್ತಾ ಮೂಗಿನಿಂದ ಬಾಲದ ತುದಿಯವರೆಗೆ ಮಂಚದ ಅಗಲಕ್ಕೆ ಬಂತು. ಗಲ್ಲದ ಕೆಳಗೆ ಜೋಲುವ ಚರ್ಮ, ಏನು ಹೇಳಿದರೂ ಗಂಭೀರವಾಗಿ ತಲೆ ಆಡಿಸುವ ಅಭ್ಯಾಸ. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟ ಚನ್ನವೀರಪ್ಪ ಮೇಷ್ಟ್ರು ಹೀಗೇ, ತಪ್ಪು ಉತ್ತರಕ್ಕೂ ತಲೆ ಆಡಿಸುತ್ತಿದ್ದರು ಎಂದು ಮಹದೇವ್ ಅದಕ್ಕೂ ಮೇಷ್ಟ್ರು ಎಂದೇ ಹೆಸರಿಟ್ಟ. ಗುರುಗಳ ಹೆಸರನ್ನು ಓತಿಕ್ಯಾತಕ್ಕೆ ಇಡ್ತಾರೇನೋ ಎಂದು ಅವನ ತಾಯಿ ಪಂಕಜಮ್ಮ ಬೈದರು. ಆದರೆ ತಿಂಗಳು ತುಂಬುವುದರೊಳಗೆ ಅವರೇ, ಮೇಷ್ಟ್ರು ಊಟ ಮಾಡಿದ್ರಾ, ಮೇಷ್ಟ್ರು ಮಲಗಿದ್ರಾ ಎಂದು ಬಹುವಚನದಲ್ಲೇ ವಿಚಾರಿಸತೊಡಗಿದ್ದರು.

ಆರ್‌ಪಿಸಿ ಲೇಔಟಿನ ಆ ಮೊದಲನೇ ಮಹಡಿಯ ಮನೆಯಲ್ಲಿ ಬಾಲ್ಕನಿಯೇ ಮೇಷ್ಟ್ರ ಪಂಜರ. ಹಿಂದಿನ ಕಾಂಪೌಂಡು ವೆಂಕಟಸ್ವಾಮಿಯವರದು. ಅವರ ನುಗ್ಗೆಮರ ಗೋಡೆ ದಾಟಿ ಇವರ ಟೆರೇಸಿನ ಮೇಲೆ ಒರಗಿತ್ತು. ದಿನಾ ಬೆಳಿಗ್ಗೆ ಆಫೀಸಿಗೆ ಹೊರಡುವ ಮೊದಲು ಮಹದೇವ್ ತನ್ನ ಕಂದು ಜರ್ಕಿನ್ ಹಾಕಿಕೊಂಡು, ಭುಜದ ಮೇಲೆ ಮೇಷ್ಟ್ರನ್ನು ಕೂರಿಸಿಕೊಂಡು ಟೆರೇಸಿಗೆ ಹೋಗುತ್ತಿದ್ದ. ಅಲ್ಲೇ ನುಗ್ಗೆಯ ಕಡ್ಡಿ ಮುರಿದು ಸೊಪ್ಪು ತಿನ್ನಿಸಿ, ಬಿಸಿಲು ಕಾಯಿಸಿಕೊಂಡು ಬರುತ್ತಿದ್ದ.

ಅವನು ಆಸ್ಪತ್ರೆ ಸೇರುವವರೆಗೆ ರಂಜಿನಿ ಆ ಕಡೆ ಹೋದವಳೇ ಅಲ್ಲ. ಅವಳದು ಬಾಗಿಲಿಗೆ ಬೀಗ ಹಾಕಿ, ಬೀದಿಯ ತಿರುವಿನವರೆಗೆ ಹೋಗಿ, ಹಾಕಿದೆನೋ ಇಲ್ಲವೋ ಎಂದು ವಾಪಸ್ಸು ಬರುವ ಸ್ವಭಾವ. ನಿನ್ನ ಭಯಾನೆಲ್ಲ ಬಾಡಿಗೆಗೆ ಕೊಟ್ಟಿದ್ರೆ ಇನ್ನೊಂದು ಮನೆ ಕಟ್ಟಬಹುದಿತ್ತು ಕಣೇ ಎಂದು ಮಹದೇವ್ ನಗುತ್ತಿದ್ದ.

ಅವನ ಕಾರ್ಯಗಳೆಲ್ಲ ಮುಗಿದ ಮೇಲೆ ನೆಂಟರು ಒಬ್ಬೊಬ್ಬರಾಗಿ ಬಂದು, ಆ ಪ್ರಾಣಿಯನ್ನು ಯಾರಿಗಾದರೂ ಕೊಟ್ಟುಬಿಡು ಎಂದರು. ರಂಜಿನಿ ಒಪ್ಪಲಿಲ್ಲ. ಅವನ ಶರಟುಗಳಿದ್ದವು, ಸ್ಕೂಟರಿತ್ತು, ಗೋಡೆಯ ಮೇಲೆ ಫೋಟೋ ಇತ್ತು. ಆದರೆ ಅವನ ಕೈಯನ್ನು ಗುರುತು ಹಿಡಿಯುತ್ತಿದ್ದ, ಅವನ ಹೆಜ್ಜೆಗೆ ತಲೆ ಎತ್ತುತ್ತಿದ್ದ ಜೀವ ಇನ್ನೊಂದು ಎಲ್ಲಿತ್ತು? ಇದೊಂದನ್ನು ಉಳಿಸಿಕೊಂಡರೆ ಸಾಕು ಎಂದು ಅವಳು ಹಟ ಹಿಡಿದಳು. ಮೊದಮೊದಲು ಮೇಷ್ಟ್ರು ಅವಳ ಹತ್ತಿರ ಬರಲಿಲ್ಲ. ಒಂದು ದಿನ ಅವಳು ಆ ಕಂದು ಜರ್ಕಿನ್ ತೊಟ್ಟು ಹೋದಾಗ, ತೋಳಿನ ಮೇಲೆ ಒಂದೊಂದೇ ಉಗುರು ಊರುತ್ತಾ ಹತ್ತಿ, ಕಾಲರಿನ ಮೇಲೆ ಗಲ್ಲ ಇಟ್ಟು ಸುಮ್ಮನಾದರು. ಮಣ್ಣು ಮಾಡಿ ಬಂದ ದಿನವೂ ಬಾರದ ಅಳು ಅವಳಿಗೆ ಅಂದು ಬಂತು.

ಬೇಸಿಗೆಯಲ್ಲಿ ಅವಳು ಮೇಷ್ಟ್ರನ್ನು ಹೊತ್ತು ಟೆರೇಸಿಗೆ ಹೋಗುತ್ತಿದ್ದಳು. ಹೋದಷ್ಟು ಹೊತ್ತೂ ಕಣ್ಣು ಆಕಾಶದಲ್ಲಿ. ಒಂದು ಬೆಳಿಗ್ಗೆ ಹದ್ದೊಂದು ನೀರಿನ ಟ್ಯಾಂಕಿನ ಮೇಲಿಂದ ಜಾರಿ, ಅವಳ ಕಿವಿಯ ಪಕ್ಕದಲ್ಲೇ ರೆಕ್ಕೆಯ ಗಾಳಿ ಬೀಸಿ ಹೋಯಿತು. ಮೇಷ್ಟ್ರಿಗೆ ಏನೂ ಆಗಲಿಲ್ಲ. ಅವಳಿಗೆ ಮಾತ್ರ ಆ ಗಾಳಿ ಇಡೀ ದಿನ ಬೀಸುತ್ತಲೇ ಇತ್ತು. ಅಂದಿಗೆ ಮೇಷ್ಟ್ರಿಗೆ ಟೆರೇಸು ನಿಂತಿತು, ಸೊಪ್ಪಿಗೆ ಮಾತ್ರ ಅವಳೊಬ್ಬಳೇ ಹೋಗಿಬರುತ್ತಿದ್ದಳು. ನಡುಮನೆಯ ಪೂರ್ವದ ಕಿಟಕಿಗೆ ದೊಡ್ಡ ಗಾಜು, ಬೆಳಗಿನ ಬಿಸಿಲು ಧಾರಾಳ. ಅಲ್ಲೇ ಒಂದು ಒಣಕೊಂಬೆ ಕಟ್ಟಿ ಕೂರಿಸಿದಳು. ಬಿಸಿಲು ಎಲ್ಲಿದ್ದರೂ ಬಿಸಿಲೇ ತಾನೇ? ಮೇಷ್ಟ್ರು ಗಾಜಿಗೆ ಮೈಯೊಡ್ಡಿ, ಸುಖವಾಗಿ ಕಣ್ಣು ಮುಚ್ಚುತ್ತಿದ್ದರು. ಅವಳು ಫೋಟೋ ಕಡೆ ತಿರುಗಿ, ತೋರಿಸಿದೆ ಅನ್ನುತ್ತಿದ್ದಳು.

ಹೀಗಿರುವಾಗ ಆಷಾಢ ಬಂತು. ಮೋಡ, ಗಾಳಿ, ಜಿನುಗು ಹನಿ. ಸೊಪ್ಪು ಕೀಳಲು ಮೆಟ್ಟಿಲು ಹತ್ತುತ್ತಿದ್ದ ರಂಜಿನಿಯ ಕೈಯನ್ನು ಪಂಕಜಮ್ಮ ಗಟ್ಟಿಯಾಗಿ ಹಿಡಿದುಕೊಂಡರು. ಆಷಾಢದಲ್ಲಿ ನುಗ್ಗೆಸೊಪ್ಪು ವಿಷ, ಕಹಿ ಏರಿರುತ್ತೆ, ಈ ಮನೆಯಲ್ಲಿ ಆ ತಿಂಗಳು ಯಾರೂ ಅದನ್ನು ಮುಟ್ಟೋದಿಲ್ಲ ಅಂದರು. ಹಾಗಾದರೆ ನಿಮ್ಮ ಮಗ ಏನು ಕೊಡ್ತಿದ್ರು ಎಂದು ರಂಜಿನಿ ಕೇಳಿದಳು. ಅತ್ತೆ ಮುಖ ತಿರುಗಿಸಿ ಒಳಗೆ ಹೋದರು.

ಓದಿದವಳಾದ ರಂಜಿನಿಗೆ ಇದು ಬರೀ ನಂಬಿಕೆ ಎಂದು ಗೊತ್ತಿತ್ತು. ಆದರೆ ಗೊತ್ತಿರುವುದೇ ಬೇರೆ, ಎದೆ ಹೊಡೆದುಕೊಳ್ಳುವುದೇ ಬೇರೆ. ಮನುಷ್ಯರಿಗೇ ಆಗದಿದ್ದರೆ ಇಷ್ಟೇ ಇರುವ ಈ ಜೀವಕ್ಕೆ ಏನು ಗತಿ? ತಳ್ಳುಗಾಡಿಯಲ್ಲಿ ಬರುವ ಪಾಲಕ್ ಸೊಪ್ಪಿನಲ್ಲಿ ಎಳೆಯದನ್ನೇ ಆರಿಸಿ, ಉಪ್ಪುನೀರಿನಲ್ಲಿ ತೊಳೆದು, ಬಟ್ಟೆಯಲ್ಲಿ ಒರೆಸಿ ಕೊಟ್ಟಳು. ಮೇಷ್ಟ್ರು ಇಷ್ಟಪಟ್ಟು ತಿಂದರು.

ಮೊದಲು ಮೇಷ್ಟ್ರ ಬೆರಳುಗಳು ನಡುಗತೊಡಗಿದವು. ಸ್ಲೇಟಿನ ಮೇಲೆ ಏನೋ ಬರೆಯುತ್ತಿರುವ ಹಾಗೆ, ಅಷ್ಟೇ ಸಣ್ಣಗೆ. ಚಳಿಯಿರಬೇಕೆಂದು ಅವಳು ಶಾಖಕ್ಕೆಂದು ಇಟ್ಟಿದ್ದ ಬಲ್ಬನ್ನು ಹತ್ತಿರ ತಂದಳು. ಆಮೇಲೆ ದವಡೆ ಊದಿತು. ಮೈ ಕೈ ತುಂಬಿಕೊಳ್ತಿದೆ ಎಂದು ಅತ್ತೆಗೆ ತೋರಿಸಿ ಸಂತೋಷಪಟ್ಟಳು. ತಲೆ ಆಡಿಸುವುದು ಯಾವಾಗ ನಿಂತಿತೋ ಅವಳಿಗೇ ನೆನಪಿಲ್ಲ. ಸದಾ ನೋಡುತ್ತಲೇ ಇದ್ದವಳು ಅದೊಂದನ್ನು ನೋಡಿರಲಿಲ್ಲ. ಒಂದು ಮಧ್ಯಾಹ್ನ ಮೇಷ್ಟ್ರು ಮೊಣಕಾಲೆತ್ತರದ ಕೊಂಬೆಯಿಂದ ಬಿದ್ದು, ಹಿಂಗಾಲು ಎಳೆಯುತ್ತಾ ಸೋಫಾದ ಕೆಳಗೆ ಸೇರಿಕೊಂಡರು.

ಬಸವೇಶ್ವರನಗರದ ಕ್ಲಿನಿಕ್ಕಿಗೆ ಆಟೋದಲ್ಲಿ, ಜರ್ಕಿನ್ನಿನಲ್ಲಿ ಸುತ್ತಿ ಕರೆದೊಯ್ದಳು. ಡಾಕ್ಟರ್ ಸೌಮ್ಯಶ್ರೀ ಚಿಕ್ಕ ವಯಸ್ಸಿನವರು. ಹೆಬ್ಬೆರಳಿನಿಂದ ದವಡೆಯನ್ನು ಮೆಲ್ಲಗೆ ಒತ್ತಿದರು. ಮೂಳೆ ರಬ್ಬರಿನಂತೆ ಬಗ್ಗಿತು. ಎಕ್ಸ್‌ರೇಯಲ್ಲಿ ಮೂಳೆಗಳು ಊದುಬತ್ತಿಯ ಹೊಗೆಯಷ್ಟು ತೆಳ್ಳಗೆ ಕಂಡವು. ಎಲ್ಲಿ ಕೂರಿಸ್ತೀರಿ, ಏನು ಕೊಡ್ತೀರಿ ಎಂದು ಅವರು ವಿಚಾರಿಸಿದರು. ರಂಜಿನಿ ಕಿಟಕಿಯ ವಿಷಯ ಹೇಳಿದಳು. ಡಾಕ್ಟರ್ ಎಕ್ಸ್‌ರೇಯನ್ನು ಮೇಜಿನ ಮೇಲಿಟ್ಟರು.

"ಗಾಜು ಶಾಖಾನ ಒಳಗೆ ಬಿಡುತ್ತೆ. ಮೂಳೆಗೆ ಬೇಕಾದ ಕಿರಣಾನ ಆಚೆನೇ ನಿಲ್ಲಿಸಿಬಿಡುತ್ತೆ," ಅಂದರು.

ಪಾಲಕ್‌ನಲ್ಲಿ ಸುಣ್ಣದಂಶ ಇದ್ದರೂ ಅದು ಮೈಗೆ ಹತ್ತುವುದಿಲ್ಲ, ದಿನಾ ಅದನ್ನೇ ಕೊಡಬಾರದಿತ್ತು ಎಂದರು. ಮೊದಲು ಏನು ಕೊಡ್ತಿದ್ರಿ ಎಂದು ಕೇಳಿದಾಗ ರಂಜಿನಿ ನುಗ್ಗೆಸೊಪ್ಪು ಅಂದಳು. ಅದು ಒಳ್ಳೇದಲ್ವಾ, ಯಾಕೆ ನಿಲ್ಲಿಸಿದ್ರಿ ಅಂದರು ಡಾಕ್ಟರ್. ರಂಜಿನಿ ಜರ್ಕಿನ್ನಿನ ತುದಿಯನ್ನು ಮೇಷ್ಟ್ರ ಮೈಮೇಲೆ ಎಳೆದಳು. ಇಂಜೆಕ್ಷನ್ ಕೊಟ್ಟು, ಔಷಧಿ ಬರೆದು, ತಡವಾಗಿದೆ, ಆಸೆ ಹೆಚ್ಚು ಇಟ್ಕೋಬೇಡಿ ಎಂದು ಕಳಿಸಿದರು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಮನೆಗೆ ಬಂದು ಅತ್ತೆಗೆ ಹೇಳಿದಳು. ದನಿ ಏರಿಸಲಿಲ್ಲ. ಪಂಕಜಮ್ಮ ಅಡುಗೆಮನೆಯ ಹೊಸ್ತಿಲ ಮೇಲೆ ಕೂತುಬಿಟ್ಟರು.

"ಹೋದ ಆಷಾಢದಲ್ಲಿ ಅವನು ದಿನಾ ಕೀಳ್ತಿದ್ದ. ಬೇಡ ಕಣೋ ಅಂತ ಬಡ್ಕೊಂಡೆ. ಮೇಷ್ಟ್ರಿಗೆ ಪಂಚಾಂಗ ನೋಡೋಕೆ ಬರಲ್ಲಮ್ಮ ಅಂತ ನಕ್ಕ." ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ, ಬಿಚ್ಚುತ್ತಾ ಇದ್ದರು. "ಇನ್ನೊಂದು ಆಷಾಢ ಬರೋಷ್ಟರಲ್ಲಿ ಅವನೇ ಇಲ್ಲ. ನಿನ್ನ ಕೈ ಹಿಡ್ಕೊಂಡಿದ್ದು ಅದಕ್ಕೆ ಕಣೇ, ನಿನಗೂ ಏನಾದ್ರೂ ಆಗ್ಬಿಟ್ರೆ ಅಂತ. ಸೊಪ್ಪಿಲ್ಲದೆ ಮೇಷ್ಟ್ರಿಗೆ ಏನಾಗುತ್ತೋ ಅಂತ ನನಗೆ ಹೊಳೀಲೇ ಇಲ್ಲ."

ರಂಜಿನಿಯೂ ಹೊಸ್ತಿಲ ಈಚೆ ಕೂತಳು.

ಮಾರನೆಯ ಬೆಳಿಗ್ಗೆ ಅವಳು ಎದ್ದು ನೋಡುವಾಗ ಪಂಕಜಮ್ಮ ಟೆರೇಸಿನಲ್ಲಿದ್ದರು. ದೋಟಿಯಿಂದ ನುಗ್ಗೆಯ ಕೊಂಬೆ ಬಗ್ಗಿಸುತ್ತಿದ್ದರು. ಕೆಳಗೆ ಹಲ್ಲುಜ್ಜುತ್ತಿದ್ದ ವೆಂಕಟಸ್ವಾಮಿ ತಲೆಯೆತ್ತಿ, ಏನ್ ಪಂಕಜಮ್ನೋರೇ, ಆಷಾಢದಲ್ಲಿ ನುಗ್ಗೆಗೆ ಕೈ ಹಾಕಿದ್ದೀರಿ, ಹೊಸ ಪಂಚಾಂಗ ಬಂತಾ ಎಂದು ಚುಡಾಯಿಸಿದರು. ಮೇಷ್ಟ್ರಿಗೆ ಅಂದರು ಪಂಕಜಮ್ಮ. ಆ ದನಿ ಕೇಳಿ ಅವರು ಬ್ರಷ್ ಬಾಯಲ್ಲಿಟ್ಟುಕೊಂಡೇ ಒಳಗೆ ಹೋದರು.

ಅಂದಿನಿಂದ ಬೆಳಿಗ್ಗೆ ಇಬ್ಬರೂ ಟೆರೇಸಿನಲ್ಲಿ. ರಂಜಿನಿ ಜರ್ಕಿನ್ ತೊಟ್ಟು, ಮೇಷ್ಟ್ರನ್ನು ಮಡಿಲಲ್ಲಿಟ್ಟುಕೊಂಡು ಕೂರುವಳು. ಅರೆದ ಸೊಪ್ಪನ್ನು ಬೆರಳಲ್ಲಿ ತುಟಿಗೆ ಸವರುವಳು. ಪಂಕಜಮ್ಮ ಮಡಚಿದ ಕೊಡೆಯನ್ನು ದೊಣ್ಣೆಯಂತೆ ಹಿಡಿದು, ಮಂಡಿನೋವನ್ನೂ ಮರೆತು, ಹದ್ದು ಕಾಯುತ್ತಾ ನಿಲ್ಲುವರು. ಮೋಡ ಸರಿದಾಗ ಒಂದು ತುಂಡು ಬಿಸಿಲು ಬೀಳುತ್ತಿತ್ತು. ಅದು ಸರಿದತ್ತ ಇವರೂ ಸರಿಯುತ್ತಿದ್ದರು, ಟ್ಯಾಂಕಿನ ಪಕ್ಕದಿಂದ ಬಟ್ಟೆ ಒಣಹಾಕುವ ತಂತಿಯ ಕಡೆಗೆ, ಅಲ್ಲಿಂದ ಮೆಟ್ಟಿಲ ಕಡೆಗೆ.

ಒಂದು ದಿನ ಬಿಸಿಲು ಹೆಚ್ಚೇ ಬಂತು. ಮೇಷ್ಟ್ರು ಕಾಲರಿನ ಮೇಲೆ ಗಲ್ಲ ಇಟ್ಟು ಮಲಗಿದ್ದರು. ಮೈಯೆಲ್ಲ ಬೆಚ್ಚಗಿತ್ತು. ಇವತ್ತು ಪರವಾಗಿಲ್ಲ ಅನ್ಸುತ್ತೆ ಎಂದು ರಂಜಿನಿ ಅತ್ತೆಗೆ ಹೇಳಿದಳು. ಅತ್ತೆಯೂ ಹೌದೆಂದರು. ಮೋಡ ಮುಚ್ಚಿ ಸ್ವಲ್ಪ ಹೊತ್ತಾದ ಮೇಲೆ ಅವಳ ಅಂಗೈಯ ಕೆಳಗೆ ಆ ಮೈ ಮೆಲ್ಲಮೆಲ್ಲಗೆ ತಣ್ಣಗಾಗತೊಡಗಿತು. ಆಗ ಅವಳಿಗೆ ತಿಳಿಯಿತು, ಅಷ್ಟು ಹೊತ್ತೂ ಬೆಚ್ಚಗಿದ್ದದ್ದು ಬಿಸಿಲು ಮಾತ್ರ.

ನುಗ್ಗೆಮರದ ಬುಡದಲ್ಲಿ ವೆಂಕಟಸ್ವಾಮಿಯವರೇ ಗುಂಡಿ ತೆಗೆದುಕೊಟ್ಟರು. ಚುಡಾಯಿಸುವ ಮಾತು ಒಂದೂ ಆಡಲಿಲ್ಲ. ಜರ್ಕಿನ್ನನ್ನೂ ಜೊತೆಗೆ ಇಡೋದಾ ಎಂದು ಕೇಳಿದರು. ರಂಜಿನಿ ಬೇಡವೆಂದು ತಲೆ ಆಡಿಸಿದಳು.

ಅಡುಗೆಮನೆಯ ಕಟ್ಟೆಯ ಮೇಲೆ ಬೆಳಿಗ್ಗೆ ಕಿತ್ತ ಸೊಪ್ಪು ಇನ್ನೂ ಬಾಡಿರಲಿಲ್ಲ. ರಂಜಿನಿ ಸ್ನಾನ ಮಾಡಿ ಬರುವಷ್ಟರಲ್ಲಿ ಒಗ್ಗರಣೆಯ ವಾಸನೆ ಬಂತು. ಪಂಕಜಮ್ಮ ಅದನ್ನೇ ಸಾರು ಮಾಡಿ, ಎರಡು ತಟ್ಟೆ ಇಟ್ಟು ಬಡಿಸಿದ್ದರು. ಆಷಾಢ ಇನ್ನೂ ಮುಗಿದಿರಲಿಲ್ಲ.

ಅವಳು ಕೈ ಹಾಕುವ ಮೊದಲೇ ಅತ್ತೆ, ತಡಿ ಎಂದು ಸನ್ನೆ ಮಾಡಿ, ಮೊದಲ ತುತ್ತನ್ನು ತಮ್ಮ ಬಾಯಿಗಿಟ್ಟುಕೊಂಡರು. ನಿಧಾನವಾಗಿ ಅಗಿದರು. ನುಂಗಿ, ಏನನ್ನೋ ಕಾಯುವವರಂತೆ ಕೂತರು. ಆಮೇಲೆ ತಟ್ಟೆಯನ್ನು ಅವಳ ಕಡೆ ಸರಿಸಿದರು.

"ತಿನ್ನು," ಅಂದರು. "ಕಹಿಯೇ ಇಲ್ಲ ಕಣೇ."